ಗಿಣಿಮೂಗಿನ ಸುತ್ತು

"ಬಾಗಿಲು ಮುಚ್ಚಬೇಡ," ಎಂದೆ. "ಹಾಗೇ ಹಿಡ್ಕೊಂಡಿರು."

ನಿಧಾನಪ್ಪ ಇನ್‌ಕ್ಯುಬೇಟರಿನ ಬಾಗಿಲು ಹಿಡಿದುಕೊಂಡೇ ಹಿಂದಿರುಗಿ ನೋಡಿದ. ಒಳಗಿನ ಬೆಚ್ಚನೆ ಹಬೆ ಬಡಿದು ಅವನ ಕನ್ನಡಕ ಪೂರ್ತಿ ಮಂಜಾಗಿತ್ತು.

"ತಟ್ಟೆಗಳು ತಣ್ಣಗಾಗ್ತವೆ ಕಣೇ. ಒಳಗಿರೋದು ಜೀವ. ನಿಮ್ಮನೆ ಫ್ರಿಜ್ಜಲ್ಲ ಇದು."

"ಆಗ್ಲಿ. ನನಗೆ ಬೇಕಾಗಿರೋದೂ ಅದೇ."

ನನ್ನ ಕಣ್ಣು ಮೇಜಿನ ಮೇಲಿನ ಪರದೆಯಲ್ಲಿತ್ತು. ಒಳಗಿರುವ ಒಂದೊಂದು ತಟ್ಟೆಗೂ ಪರದೆಯ ಮೇಲೆ ಒಂದೊಂದು ಗೆರೆ. ತಟ್ಟೆಯ ತಳಕ್ಕೆ ಚಿನ್ನದ ತೆಳು ಪಟ್ಟಿ ಬಳಿದಿರುತ್ತಾರೆ. ಅದರ ಮೂಲಕ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣ ಕರೆಂಟು ಹಾಯಿಸುತ್ತಾರೆ. ಮೇಲೆ ಬೆಳೆಯುವ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಬಿಗಿಯಾದಷ್ಟೂ ಕರೆಂಟಿಗೆ ದಾರಿ ಕಷ್ಟವಾಗುತ್ತದೆ, ಗೆರೆ ಮೇಲೇರುತ್ತದೆ. ಕೋಶಗಳು ಸತ್ತರೆ ದಾರಿ ಬಿಡುತ್ತದೆ, ಗೆರೆ ಬೀಳುತ್ತದೆ. ತಟ್ಟೆಯನ್ನು ಮುಟ್ಟದೆ, ಬಣ್ಣ ಹಾಕದೆ, ಕೊಲ್ಲದೆ, ಒಳಗೆ ಜೀವ ಹೇಗಿದೆ ಎಂದು ವಿಚಾರಿಸಿಕೊಳ್ಳುವ ವಿದ್ಯೆ ಇದು.

ಹೊರಗಿನ ತಣ್ಣನೆ ಗಾಳಿ ತಗಲಿದ ಕೂಡಲೇ ಗೆರೆಗಳೆಲ್ಲ ಮೈ ಸೆಟೆದು ಮೇಲಕ್ಕೆದ್ದವು. ತಣ್ಣಗಾದ ನೀರು ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲ, ಅಷ್ಟು ನನಗಿನ್ನೂ ನೆನಪಿದೆ.

ಒಂದು ಗೆರೆ ಮಾತ್ರ ಏಳಲಿಲ್ಲ. ತಟ್ಟೆ ತಣ್ಣಗಾದದ್ದು ಅದಕ್ಕೆ ಗೊತ್ತೇ ಇಲ್ಲದ ಹಾಗೆ ನೆಟ್ಟಗೆ ಮಲಗಿತ್ತು.

ಅದು ಮೇಷ್ಟ್ರ ತಟ್ಟೆಯ ಗೆರೆ.

ನಮ್ಮಿಬ್ಬರಿಗೂ ಪಾಠ ಹೇಳಿದ ಮೇಷ್ಟ್ರು ಇದೇ ಕಟ್ಟಡದ ಮಾಳಿಗೆಯಲ್ಲಿ ಬೆಂಕಿಗೆ ಸಿಕ್ಕಿ, ಆಸ್ಪತ್ರೆ ಸೇರಿದ್ದರು. ಗಂಟಲಿಗೆ ಕೊಳವೆ ಇಳಿಸುವ ಮೊದಲು ಅವರು ಆಡಿದ್ದು ಒಂದೇ ಮಾತು, "ಬೆಂಕಿ ತಾನಾಗಿ ಹತ್ತಲಿಲ್ಲ." ಹಚ್ಚಿದವರ ಹೆಸರು ಕೊಳವೆಯ ಕೆಳಗೇ ಉಳಿದುಹೋಗಿತ್ತು.

ಅವರ ತೊಡೆಯಿಂದ ತೆಗೆದ ಒಂದು ಚೂರು ಚರ್ಮವನ್ನು ಈ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಪದರ ಬಿಗಿಯಾದ ದಿನ ಅದನ್ನೇ ಅವರ ಎದೆಗೂ ಬೆನ್ನಿಗೂ ಹೊದಿಸಬೇಕು. ಹೊದಿಸಿದರೆ ಮೇಷ್ಟ್ರು ಬದುಕುತ್ತಾರೆ, ಕೊಳವೆ ತೆಗೆಯುತ್ತಾರೆ, ಮಾತಾಡುತ್ತಾರೆ. ಇನ್ನೊಂದು ಬೆಳೆಸೋಣವೆಂದರೆ ಸಮಯವಿರಲಿಲ್ಲ.

ಸುಟ್ಟಗಾಯದ ಡಾಕ್ಟರಮ್ಮ ದಿನಾ ಫೋನ್ ಮಾಡಿ "ಆಯ್ತಾ?" ಎಂದು ಕೇಳುತ್ತಿದ್ದರು. ನಿಧಾನಪ್ಪ ದಿನಾ ಪರದೆ ನೋಡಿ "ಇನ್ನೊಂಚೂರು" ಎನ್ನುತ್ತಿದ್ದ. ಗೆರೆ, ಪದರ ಸಿದ್ಧವೆನ್ನುವ ಕೆಂಪು ಗುರುತಿಗೆ ಬೆರಳಷ್ಟು ಕೆಳಗೆ ಬಂದು ನಿಂತಿತ್ತು. ಈ ಬೆಳಿಗ್ಗೆ ಡಾಕ್ಟರಮ್ಮ ಬೇರೆ ಮಾತಾಡಿದ್ದರು. "ನಂಜು ಏರ್ತಾ ಇದೆ. ಇನ್ನೂ ತಡ ಆದ್ರೆ ಆಮೇಲೆ ನನ್ನ ಕೈಲಿಲ್ಲ."

"ಬಾಗಿಲು ಮುಚ್ಚು," ಎಂದೆ. "ಗೆರೆ ನೋಡು."

ಅವನು ಮುಚ್ಚಿದ. ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡ. ಒಂದು ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಇನ್ನೊಂದು. ನಾನು ಹಲ್ಲು ಕಚ್ಚಿಕೊಂಡು ಕಾದೆ. ಮೇಷ್ಟ್ರು ಇವನಿಗೆ ನಿಧಾನಪ್ಪ ಎಂದೂ ನನಗೆ ಗಡಿಬಿಡಿ ಎಂದೂ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು.

"ಅದು ಸರಾಸರಿ ಗೆರೆ," ಎಂದ ಕೊನೆಗೆ. "ಹೊಸ ಯಂತ್ರ ಸಣ್ಣಪುಟ್ಟದನ್ನೆಲ್ಲ ಸವರಿ ಹಾಕಿಬಿಡುತ್ತೆ. ಅದಕ್ಕೇ ನೆಟ್ಟಗಿದೆ."

"ಪಕ್ಕದ ಗೆರೆಗಳನ್ನ ಯಾಕೆ ಸವರಿ ಹಾಕಲಿಲ್ಲ?"

ಅವನು ಪರದೆಯ ಹತ್ತಿರಕ್ಕೆ ಬಾಗಿ ಪಕ್ಕದ ಗೆರೆಗಳನ್ನು ಒಂದೊಂದಾಗಿ ನೋಡಿದ.

"ಸೇತುವೆ ಪೆಟ್ಟಿಗೆ ಎಲ್ಲಿದೆ?" ಎಂದೆ.

"ಯಾವುದು?"

"ಯಾವುದಂತೆ! ನಮ್ಮದು. ಕಿವಿಗೆ ಹಾಕ್ಕೊಳ್ಳೋದು."

ಅವನ ಮುಖ ಒಂದು ಕ್ಷಣ ಹುಡುಗನದಾಯಿತು. ಮೂಲೆಯ ಬೀರುವಿನ ಕಡೆ ಕೈ ತೋರಿಸಿದ.

ಕೆಳಗಿನ ಅರೆಯಲ್ಲಿ, ಹಳೆಯ ಪರದೆ ಬಟ್ಟೆಯೊಂದನ್ನು ಹೊದ್ದುಕೊಂಡು ಅದು ಕೂತಿತ್ತು. ಮರದ ಪೆಟ್ಟಿಗೆ, ಎರಡು ದಪ್ಪ ತಿರುಗಣೆ, ಚರ್ಮ ಕಿತ್ತುಹೋದ ಹೆಡ್‌ಫೋನು. ಮುಚ್ಚಳ ಎತ್ತಿದಾಗ ಹಳೆಯ ಬೆಸುಗೆ ರಾಳದ್ದೂ ಬೂಸ್ಟು ಹಿಡಿದ ಮರದ್ದೂ ವಾಸನೆ ಒಟ್ಟಿಗೆ ಬಂತು. ನಾನು ಮುಚ್ಚಳ ಹಿಡಿದುಕೊಂಡು ಇನ್ನೊಮ್ಮೆ ಮೂಸಿದೆ. ಪತ್ತೇದಾರಿಕೆಗೆ ಬಂದು ಅರ್ಧ ಆಯುಷ್ಯ ಕಳೆದ ಮೇಲೂ ಒಂದು ವಾಸನೆಗೆ ಇಷ್ಟು ಶಕ್ತಿ ಇರುವುದು ಅನ್ಯಾಯ ಎನಿಸಿತು.

ಆಗ ಪರದೆ ಇರಲಿಲ್ಲ, ಗೆರೆ ಇರಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ತಿರುಗಣೆ ತಿರುಗಿಸುತ್ತ ಹೋದರೆ ಸದ್ದು ಸಣ್ಣಗಾಗುತ್ತ ಬಂದು ಒಂದು ಕಡೆ ಪೂರ್ತಿ ನಿಲ್ಲುತ್ತದೆ. ಆ ಮೌನ ಸಿಕ್ಕಿದ ಜಾಗವೇ ಉತ್ತರ. ತಿರುಗಣೆಯ ಪಕ್ಕದ ಅಂಕಿ ನೋಡಿಕೊಂಡರೆ ಮುಗಿಯಿತು.

ಆದರೆ ಮುಗಿಯುತ್ತಿರಲಿಲ್ಲ. ಮೌನ ಸಿಕ್ಕಿತು ಎನ್ನುವಷ್ಟರಲ್ಲಿ ಮತ್ತೆ ಎಲ್ಲೋ ದೂರದಿಂದ ಗುಂಯ್ ಶುರುವಾಗುತ್ತಿತ್ತು. ಮತ್ತೆ ತಿರುಗಿಸು, ಮತ್ತೆ ಹುಡುಕು. ನಾನು ಪೆಟ್ಟಿಗೆ ಕೆಟ್ಟಿದೆ ಎಂದು ಅದಕ್ಕೊಂದು ಗುದ್ದಿದ್ದೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಅದು ಬದುಕಿದೆಯಮ್ಮಾ ಗಡಿಬಿಡಿ. ಬದುಕಿರೋದು ಸುಮ್ನೆ ಕೂತ್ಕೊಳ್ಳುತ್ತಾ? ಮಗ್ಗುಲು ಬದಲಿಸ್ತಾ ಇರುತ್ತೆ, ಸಂದು ಬಿಟ್ಟು ಸಂದು ಮುಚ್ಚುತ್ತಾ ಇರುತ್ತೆ. ಮೌನ ನಿಂತುಬಿಟ್ಟರೆ ಆಗ ಹೆದರ್ಕೋ."

ಹೆಡ್‌ಫೋನು ಇದ್ದದ್ದು ಒಂದೇ. ಒಂದು ಕಿವಿ ನನಗೆ, ಒಂದು ಕಿವಿ ನಿಧಾನಪ್ಪನಿಗೆ. ತಲೆಗೆ ತಲೆ ತಾಗಿಸಿಕೊಂಡು ಮಧ್ಯಾಹ್ನಗಟ್ಟಲೆ ಕೂರುತ್ತಿದ್ದೆವು. ಅವನು ನನ್ನ ಹತ್ತಿರ ಏನೋ ಕೇಳಬೇಕೆಂದಿದ್ದ, ಅದು ನನಗೆ ಗೊತ್ತಿತ್ತು. ಅವನು ಕೇಳುವಷ್ಟರಲ್ಲಿ ನಾನು ಪೊಲೀಸರ ಪ್ರಯೋಗಾಲಯದ ಕೆಲಸಕ್ಕೆ ಹೊರಟುಬಿಟ್ಟಿದ್ದೆ. ಆ ದಿನಗಳಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಇರಲಿಲ್ಲ.

"ಎತ್ತು," ಎಂದೆ. "ಒಂದು ಕಡೆ ಹಿಡಿ."

ಮೇಜಿನ ಮೇಲೆ ಜಾಗ ಮಾಡಲು ಟೀ ಲೋಟಗಳನ್ನೂ, ಹಿಡಿಕೆ ಮುರಿದು ತಂತಿ ಕಟ್ಟಿಸಿಕೊಂಡ ಫ್ಲಾಸ್ಕನ್ನೂ ಪಕ್ಕಕ್ಕೆ ಸರಿಸಿದೆ. ಆ ಫ್ಲಾಸ್ಕು ಮೇಷ್ಟ್ರ ಮಗಳು ಪುಟ್ಟಿಯದು. ಪಾಪ, ಬೆಂಕಿ ಬಿದ್ದಾಗಿನಿಂದ ದಿನಾ ಬೆಳಿಗ್ಗೆ ಇಲ್ಲಿಗೆ ಟೀ ತಂದಿಟ್ಟು, ಇನ್‌ಕ್ಯುಬೇಟರಿನ ಎದುರು ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು. ಅಪ್ಪನ ಪಕ್ಕ ಕೂತ ಹಾಗಾಗುತ್ತದೆ ಎನ್ನುತ್ತಿದ್ದಳು.

ಯಂತ್ರದ ಹಿಂದೆ ಮೇಷ್ಟ್ರ ತಟ್ಟೆಯ ಪ್ಲಗ್ಗಿಗೆ ಸೇತುವೆ ಪೆಟ್ಟಿಗೆಯ ಕ್ಲಿಪ್ಪು ಹಾಕಿದೆವು. ಹೆಡ್‌ಫೋನು ಕಿವಿಗಿಟ್ಟೆ. ಗುಂಯ್. ತಿರುಗಣೆ ತಿರುಗಿಸಿದೆ. ಸದ್ದು ಇಳಿಯಿತು, ಇಳಿಯಿತು, ನಿಂತಿತು.

ಕಾದೆ.

ಮೌನ ಹಾಗೇ ಇತ್ತು. ನಿಧಾನಪ್ಪ ಬಾಗಿ ಇನ್ನೊಂದು ಕಿವಿಗೆ ತನ್ನ ಕಿವಿ ಕೊಟ್ಟ. ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಗೋಡೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

"ಸತ್ತುಹೋಗಿದೆ," ಎಂದ ಅವನು. ದನಿ ಒಡೆದಿತ್ತು. "ಮೇಷ್ಟ್ರ ಚರ್ಮ ಸತ್ತುಹೋಗಿದೆ ಕಣೇ."

"ಸತ್ತಿದ್ರೆ ಗೆರೆ ಬೀಳಬೇಕಿತ್ತು. ಸ್ಕ್ರೂಡ್ರೈವರ್ ಕೊಡು."

ಪ್ಲಗ್ಗಿನ ಮುಚ್ಚಳ ಬಿಚ್ಚಿದೆ. ತಟ್ಟೆಯಿಂದ ಬಂದ ಎರಡು ತಂತಿಗಳನ್ನು ಕತ್ತರಿಸಿ, ಟೇಪು ಸುತ್ತಿ, ಪಕ್ಕಕ್ಕೆ ಮಡಚಿಟ್ಟಿದ್ದರು. ಅವುಗಳ ಜಾಗದಲ್ಲಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿಯಾಗಿ ಕೂತಿದ್ದವು.

ಇದು ನಮಗೆ ಹೊಸದಲ್ಲ. ಯಂತ್ರ ಸರಿ ಇದೆಯೋ ಇಲ್ಲವೋ ಎಂದು ನೋಡಲು ಬೆಳಗಾದರೆ ಹೀಗೊಂದು ಜೋಡಿ ಹಾಕಿ ಪರೀಕ್ಷಿಸುತ್ತಿದ್ದೆವು. ಮೇಷ್ಟ್ರು ಅದನ್ನು ಸುಳ್ಳು ಚರ್ಮ ಎನ್ನುತ್ತಿದ್ದರು. ಯಂತ್ರಕ್ಕೆ ಅದೂ ಒಂದೇ, ನಿಜವಾದ ಚರ್ಮವೂ ಒಂದೇ.

ಅಂದರೆ ಒಂದು ವಾರದಿಂದ ಡಾಕ್ಟರಮ್ಮ ಕಾದು ಕೂತದ್ದು ಎರಡು ಬಿಡಿಭಾಗಗಳು ಬಿಗಿಯಾಗಲಿ ಎಂದು!

ನಾನು ಭೂತಗನ್ನಡಿ ತೆಗೆದೆ. ರೆಸಿಸ್ಟರಿನ ಕಾಲನ್ನು ಪ್ಲಗ್ಗಿನೊಳಗಿನ ಪುಟ್ಟ ಲೋಹದ ಕಂಬಕ್ಕೆ ಎರಡು ಸುತ್ತು ಸುತ್ತಿ, ಮೂರನೆಯದನ್ನು ಹಿಂದಕ್ಕೆ ತಂದು, ತುದಿಯನ್ನು ಒಳಕ್ಕೆ ಬಾಗಿಸಿ ಮುಚ್ಚಿದ್ದರು. ತುದಿ ಬೆರಳಿಗೆ ಚುಚ್ಚದ ಹಾಗೆ.

ಅದು ಗಿಣಿಮೂಗು.

ಆ ಸುತ್ತಿಗೆ ಹೆಸರಿಟ್ಟವರೂ ಮೇಷ್ಟ್ರೇ. ತಂತಿಯ ತುದಿ ಗಿಣಿಯ ಕೊಕ್ಕಿನ ಹಾಗೆ ಬಾಗಿರಬೇಕು, ಇಲ್ಲದಿದ್ದರೆ ಬಿಚ್ಚಿ ಎಸೆದು ಮತ್ತೆ ಮಾಡಿಸುತ್ತಿದ್ದರು. ಬೇರೆ ಯಾವ ಪ್ರಯೋಗಾಲಯದಲ್ಲೂ ನಾನು ಅದನ್ನು ಕಂಡಿಲ್ಲ. ಬೇರೆಯವರೆಲ್ಲ ತಂತಿಯನ್ನು ಒಂದು ಸುತ್ತು ಸುತ್ತಿ ಬೆಸುಗೆ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಗಿಣಿಮೂಗು ಹಾಕಬಲ್ಲವರು ಮೇಷ್ಟ್ರು, ನಾನು, ಮತ್ತು ನನ್ನ ಎದುರಿಗೆ ನಿಂತಿದ್ದವನು.

"ಕೂತ್ಕೋ," ಎಂದೆ.

"ಯಾಕೆ?"

"ಕೂತ್ಕೋ ಅಂದೆ."

ಅವನು ಕೂತ. ನಾನು ನಿಂತೇ ಇದ್ದೆ. ಆರೋಪಿಗಳ ಎದುರು ನಿಲ್ಲುವುದು ನನ್ನ ಹಳೆಯ ಅಭ್ಯಾಸ. ಇವನ ಎದುರು ಹೀಗೆ ನಿಲ್ಲಬೇಕಾದೀತು ಎಂದು ಯಾರಾದರೂ ಆಗ ಹೇಳಿದ್ದರೆ ಮುಖಕ್ಕೆ ಹೊಡೆಯುತ್ತಿದ್ದೆ.

"ಬೆಂಕಿ ಬಿದ್ದ ದಿನ ಕೊನೆಗೆ ಅವರ ಜೊತೆ ಇದ್ದೋನು ನೀನು."

"ಹೌದು. ಟೀ ಕುಡಿಯೋಕೆ ಕೆಳಗೆ ಬಂದೆ. ಹತ್ತು ಸಲ ಹೇಳಿದ್ದೀನಿ."

"ಪ್ರಯೋಗಾಲಯದ ಬೀಗದ ಕೈ ನಿನ್ನ ಹತ್ರ."

"ಹಗಲು ಹೊತ್ತು ಯಾರು ಬೀಗ ಹಾಕ್ತಾರೆ ಇಲ್ಲಿ?"

"ದಿನಾ 'ಇನ್ನೊಂಚೂರು' ಅಂತ ಡಾಕ್ಟರಮ್ಮಂಗೆ ಹೇಳಿದ್ದೂ ನೀನೇ." ನಾನು ಸುಳ್ಳು ಚರ್ಮವನ್ನು ಇಕ್ಕಳದಲ್ಲಿ ಹಿಡಿದು ಅವನ ಮುಖದ ಮುಂದೆ ತಂದೆ. "ಅವರು ಮಾತಾಡಿದ್ರೆ ನಿನಗೇನು ತೊಂದರೆ? ಹೇಳು. ಏನನ್ನ ನೋಡಿದ್ರು ಅವರು?"

ಅವನಿಗೆ ಸಿಟ್ಟು ಬಂತು. ಅವನ ಸಿಟ್ಟು ಕೂಡ ಮೆಟ್ಟಿಲು ಹತ್ತಿ ಹತ್ತಿ ಬರುತ್ತದೆ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕತ್ತು.

"ಕೊಡು ಇಲ್ಲಿ," ಎಂದ. ಇಕ್ಕಳ ಕಸಿದುಕೊಂಡು, ಭೂತಗನ್ನಡಿಯ ಕೆಳಗೆ ಹಿಡಿದು, ಬಹಳ ಹೊತ್ತು ನೋಡಿದ. ಮತ್ತೆ ಮಾತಾಡಿದಾಗ ದನಿ ತಣ್ಣಗಿತ್ತು.

"ಸುತ್ತು ಯಾವ ಕಡೆಗೆ ಹೋಗಿದೆ ನೋಡು."

"ಬಲಕ್ಕೆ."

"ನಾನು ಯಾವ ಕೈಯಲ್ಲಿ ಸುತ್ತೋದು?"

ಇಕ್ಕಳ ಹಿಡಿದಿದ್ದ ಅವನ ಎಡಗೈಯ ಕಡೆಗೆ ನನ್ನ ಕಣ್ಣು ಹೋಯಿತು.

"ಎಡಚ ಅಂತ ವರ್ಷಗಟ್ಟಲೆ ಆಡ್ಕೊಂಡು ನಕ್ಕಿದ್ದೋಳು ನೀನು. 'ನಿನ್ನ ಗಿಣಿ ಉಲ್ಟಾ ಹಾರುತ್ತೆ' ಅಂತ ಮೇಷ್ಟ್ರ ಎದುರಿಗೇ ಅಂದಿದ್ದೆ. ಮರೆತುಬಿಟ್ಟೆಯಾ?" ಇಕ್ಕಳವನ್ನು ಮೇಜಿನ ಮೇಲಿಟ್ಟ. "ಮೇಷ್ಟ್ರ ಕೈಗಳಿಗೆ ಬ್ಯಾಂಡೇಜು. ನಾನು ಎಡಚ. ಇನ್ನು ಉಳಿದೋರು ಯಾರಮ್ಮಾ, ಪತ್ತೇದಾರರೇ? ಗೆರೆ ನಿಂತಿದ್ದು ಯಾವತ್ತಿಂದ ಗೊತ್ತಾ? ಹೋದ ವಾರ ನೀನು ಬಂದು, ನಾವೆಲ್ಲ ಇಲ್ಲೇ ಕೂತು ಪುಟ್ಟಿ ತಂದ ಹಳೆ ಫೋಟೊ ನೋಡಿ ನಕ್ಕೆವಲ್ಲ, ಅವತ್ತಿಂದ."

ನನಗೆ ನಾಚಿಕೆಯಾಯಿತು. ಎದುರಿಗಿದ್ದ ಆಳಿನ ಕೈಯನ್ನೇ ನೋಡದೆ ಅಪರಾಧ ಹೊರಿಸಿದ್ದೆ, ಅದೂ ಇವನ ಮೇಲೆ.

"ತಪ್ಪಾಯ್ತು," ಎಂದೆ.

"ಜಗಳ ಆಮೇಲೆ ಆಡೋಣ," ಎಂದ ನಿಧಾನಪ್ಪ. "ಮೊದಲು ತಟ್ಟೆ ನೋಡೋಣ. ನಿಜವಾದ ತಂತಿ ಕೈಯಲ್ಲೇ ಇದೆಯಲ್ಲ."

ಟೇಪು ಬಿಚ್ಚಿ, ಕತ್ತರಿಸಿದ ತಂತಿಗಳ ತುದಿ ಕೆರೆದು, ಕ್ಲಿಪ್ಪು ಕಚ್ಚಿಸಿದೆವು. ಅವನು ತಿರುಗಣೆ ಹಿಡಿದ. ನಾನು ಹೆಡ್‌ಫೋನಿನ ಒಂದು ಕಿವಿಯನ್ನು ಅವನ ಕಡೆ ಚಾಚಿದೆ. ಇಬ್ಬರ ತಲೆಯೂ ತಾಗಿತು. ಅವನ ಕೂದಲು ಬಿಳಿಯಾಗಿದೆ, ನನ್ನದಕ್ಕೆ ಬಣ್ಣ ಬಳಿದಿದೆ, ಅಷ್ಟೇ ವ್ಯತ್ಯಾಸ.

ಗುಂಯ್ ಎನ್ನುತ್ತಿತ್ತು. ಅವನು ತಿರುಗಿಸುತ್ತ ಹೋದ. ಸುಳ್ಳು ಚರ್ಮ ಮೌನವಾದ ಜಾಗ ದಾಟಿತು. ಸದ್ದು ಇನ್ನೂ ಇತ್ತು. ಇನ್ನೂ ತಿರುಗಿಸಿದ. ತಿರುಗಣೆಯ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಇದೆ. ಚರ್ಮ ಹೊದಿಸಲು ಸಿದ್ಧವಾಯಿತು ಎನ್ನುವ ಗುರುತು ಅದು. ಮೇಷ್ಟ್ರು ಹೆಂಡತಿಯ ಉಗುರುಬಣ್ಣ ಕದ್ದು ತಂದು ಹಚ್ಚಿದ್ದರು. ಆ ಅಮ್ಮ ಈಗಿಲ್ಲ, ಚುಕ್ಕೆ ಹಾಗೇ ಇದೆ. ಮುಳ್ಳು ಆ ಚುಕ್ಕೆಯನ್ನೂ ದಾಟಿತು.

ಸದ್ದು ನಿಂತಿತು.

ಹೋಗು, ಹೊರಟುಹೋಗು, ನಿಲ್ಲಬೇಡ ಎಂದು ಆ ಮೌನವನ್ನು ಬೇಡಿಕೊಂಡೆ.

ಎಲ್ಲೋ ದೂರದಲ್ಲಿ, ಬಹಳ ಸಣ್ಣಗೆ, ಗುಂಯ್ ಎಂದಿತು.

ನಿಧಾನಪ್ಪ ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದ. ಮೌನ. ಮತ್ತೆ ಗುಂಯ್. ಮತ್ತೆ ಸರಿಸಿದ.

"ಮಗ್ಗುಲು ಬದಲಿಸ್ತಾ ಇದ್ದಾರೆ," ಎಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಮೇಷ್ಟ್ರು ಒಳಗೆ ಮಗ್ಗುಲು ಬದಲಿಸ್ತಾ ಇದ್ದಾರೆ ಕಣೇ ಗಡಿಬಿಡಿ!"

ನಾನೂ ಅತ್ತೆ. ಅಳುವುದಕ್ಕೆ ಅದು ಹೊತ್ತಲ್ಲ ಎಂದು ಗೊತ್ತಿದ್ದೂ ಅತ್ತೆ.

ಪದರ ಎಂದೋ ಬಿಗಿಯಾಗಿತ್ತು. ಚರ್ಮವನ್ನು ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲ, ಅಥವಾ ಕೊಲ್ಲಲು ಕೈ ಬಂದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಡ. ತಡವೇ ಮಿಕ್ಕ ಕೆಲಸ ಮಾಡುತ್ತಿತ್ತು, ಯಾರ ಕೈಗೂ ಮಸಿ ಅಂಟುತ್ತಿರಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ಅವರು ಹೆಚ್ಚು ಮಾತಾಡಲಿಲ್ಲ. "ಈಗಲೇ ತನ್ನಿ. ನಾನು ಥಿಯೇಟರ್ ರೆಡಿ ಮಾಡಿಸ್ತೀನಿ. ಪೆಟ್ಟಿಗೆ ಅಲ್ಲಾಡಬಾರದು, ತಣ್ಣಗಾಗಬಾರದು."

ನಿಧಾನಪ್ಪ ಥರ್ಮೋಕೋಲ್ ಪೆಟ್ಟಿಗೆಯ ಒಳಗೆ ಬಿಸಿನೀರಿನ ಚೀಲಗಳನ್ನು ಜೋಡಿಸಿ, ತಟ್ಟೆ ಇಳಿಸಿ, ಮುಚ್ಚಳಕ್ಕೆ ಟೇಪು ಸುತ್ತತೊಡಗಿದ. ನಾನು ಮೇಜಿನ ಅಂಚಿಗೆ ಒರಗಿ ಯೋಚಿಸಿದೆ. ಬಲಗೈಯವರು. ಹೋದ ವಾರ ಇಲ್ಲಿಗೆ ಬಂದವರು. ಗಿಣಿಮೂಗು ಬಲ್ಲವರು. ನಾನಲ್ಲ ಎಂದು ನನಗೆ ಗೊತ್ತಿತ್ತು, ಆದರೆ ನನ್ನನ್ನು ಬಿಟ್ಟರೆ ಲೆಕ್ಕದಲ್ಲಿ ಯಾರೂ ಉಳಿಯುತ್ತಿರಲಿಲ್ಲ.

"ಏನು, ಇಬ್ಬರೂ ಹೀಗೆ ಅತ್ತುಕೊಂಡು ನಿಂತಿದ್ದೀರಿ?"

ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಫ್ಲಾಸ್ಕು ತೆಗೆದುಕೊಂಡು ಆಸ್ಪತ್ರೆಗೆ ಹೋಗಲು ಬಂದಿದ್ದಳು. ಕೈಯಲ್ಲಿ ಕಾರಿನ ಕೀ ಇತ್ತು. ನಲವತ್ತು ದಾಟಿದ್ದರೂ ನನ್ನ ಕಣ್ಣಿಗೆ ಅವಳು ಈ ಮೇಜಿನ ಕೆಳಗೆ ಕೂತು ತಂತಿಯ ತುಂಡುಗಳಿಂದ ಗೊಂಬೆಗೆ ಬಳೆ ಮಾಡುತ್ತಿದ್ದ ಮಗುವೇ.

"ಪುಟ್ಟೀ!" ನಿಧಾನಪ್ಪನ ದನಿ ನಡುಗಿತು. "ಪದರ ಬಿಗಿಯಾಗಿದೆಯಮ್ಮಾ! ಯಾವನೋ ಯಂತ್ರಕ್ಕೆ ಸುಳ್ಳು ಹೇಳಿಸಿದ್ದ. ನಿಮ್ಮಪ್ಪನ ಚರ್ಮ ಸಿದ್ಧವಾಗಿದೆ. ಇವತ್ತೇ ಹೊದಿಸ್ತಾರೆ!"

ಅವಳು ಅಲ್ಲೇ ನಿಂತಳು. ಕೀಯ ಗೊಂಚಲು ಸದ್ದು ನಿಲ್ಲಿಸಿತು.

"ಹಾಗಾದ್ರೆ," ಎಂದಳು ನಿಧಾನವಾಗಿ, "ಅಪ್ಪ ಮಾತಾಡ್ತಾರಾ?"

"ಮಾತಾಡ್ತಾರೆ! ಎಲ್ಲಾ ಹೇಳ್ತಾರೆ!" ಎಂದ ಆ ಪುಣ್ಯಾತ್ಮ.

ಬದುಕುತ್ತಾರಾ ಎಂದು ಅವಳು ಕೇಳಲಿಲ್ಲ. ನನ್ನ ಮನಸ್ಸು ಆ ಒಂದು ಮಾತಿಗೆ ಎಡವಿತು. ಗಾಬರಿಯಲ್ಲಿ ಏನೋ ಅಂದಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಅವಳಿಗೆ ಕೊಡೋಣವೆಂದು ಫ್ಲಾಸ್ಕು ಎತ್ತಿದೆ.

ಮುರಿದ ಹಿಡಿಕೆಗೆ ಕಟ್ಟಿದ ತಂತಿ ನನ್ನ ಬೆರಳಿಗೆ ಸಿಕ್ಕಿತು. ವಾರವೆಲ್ಲ ಇದೇ ಹಿಡಿಕೆ ಹಿಡಿದು ಟೀ ಬಗ್ಗಿಸಿಕೊಂಡಿದ್ದೆ. ಒಂದು ಸಲವೂ ಚುಚ್ಚಿರಲಿಲ್ಲ. ಎರಡು ಸುತ್ತು ಬಲಕ್ಕೆ, ಮೂರನೆಯದು ಹಿಂದಕ್ಕೆ, ತುದಿ ಒಳಕ್ಕೆ.

"ಇದನ್ನ ಯಾರು ಕಟ್ಟಿದ್ದು ಪುಟ್ಟಿ?"

"ನಾನೇ ಅಕ್ಕ. ಯಾಕೆ?"

ಆಗ ನೆನಪಾಯಿತು. ಮೇಜಿನ ಕೆಳಗೆ ಆಡುತ್ತಿದ್ದ ಮಗುವಿನ ಬೆರಳಿಗೆ ಒಂದು ದಿನ ತಂತಿ ಚುಚ್ಚಿ ರಕ್ತ ಬಂದಿತ್ತು. ಮೇಷ್ಟ್ರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇನ್ನು ಮೇಲೆ ನಮ್ಮ ಮನೆಯ ತಂತಿ ಯಾರಿಗೂ ಚುಚ್ಚಬಾರದು ಎಂದು, ಆ ಪುಟ್ಟ ಕೈ ಹಿಡಿದು ತುದಿ ಬಾಗಿಸಿದ್ದರು. ಗಿಣಿಮೂಗು ಹುಟ್ಟಿದ್ದು ಆವತ್ತು. ನಾವಿಬ್ಬರೂ ಕಲಿತದ್ದು ಆಮೇಲೆ. ಮೊದಲು ಕಲಿತವಳನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕಣ್ಣು ಮೇಜಿನ ಮೇಲಿದ್ದ ಇಕ್ಕಳಕ್ಕೂ ಅದರ ಪಕ್ಕದ ಸುಳ್ಳು ಚರ್ಮಕ್ಕೂ ಹೋಗಿ ಬಂತು.

"ಕಾರು ಕೆಳಗೇ ಇದೆ," ಎಂದಳು. ಎರಡೂ ಕೈ ಚಾಚಿದಳು. "ಕೊಡಿ ಅಣ್ಣ. ಅಪ್ಪನ್ನ ನಾನೇ ಕರ್ಕೊಂಡು ಹೋಗ್ತೀನಿ."

ಕೊಡಬೇಡ ಎಂದು ಕೂಗಬೇಕಿತ್ತು. ಆಯುಷ್ಯದಲ್ಲಿ ಒಂದೇ ಒಂದು ಸಲ ನಾನು ತಡಮಾಡಿದೆ. ಅಷ್ಟರಲ್ಲಿ, ಯಾವತ್ತೂ ಯಾವುದಕ್ಕೂ ಅವಸರಪಡದ ನಿಧಾನಪ್ಪ, ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟುಬಿಟ್ಟಿದ್ದ.